ಮೇಸ್ತ್ರಿಯ ಇಂಚು

ಇನ್ನು ಮೇಲೆ ಆ ಆಟದ ಗುಂಪಿಗೆ ಕಥೆ ನಡೆಸುವವಳು ನಮ್ಮ ಮೊಮ್ಮಗಳೇ. ಇವತ್ತು ಮಧ್ಯಾಹ್ನ ಶಿವಮೊಗ್ಗದ ಕೋಟೆ ಬೀದಿಯಲ್ಲಿ, ಅವಳ ಗೆಳತಿಯ ಮನೆಯಲ್ಲಿ ತೀರ್ಮಾನವಾಯಿತು. ನಾನು ಅಲ್ಲೇ ಇದ್ದೆ, ಕಣ್ಣಾರೆ ನೋಡಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಇದನ್ನು ಬರೆಯದೆ ಇರಲಾಗುತ್ತಿಲ್ಲ.

ತೊಡೆಯ ಮೇಲೆ ಹಿತ್ತಾಳೆ ತುದಿಯ ಮರದ ಸ್ಕೇಲಿದೆ. ಮೂಗಿನ ಹತ್ತಿರ ಹಿಡಿದರೆ ಇನ್ನೂ ಸಾಗುವಾನಿ ಹೊಟ್ಟಿನ ವಾಸನೆ, ಪಾಲಿಶ್ ವಾಸನೆ... ಇದು ನನ್ನದಲ್ಲ, ನಮ್ಮ ಮೇಸ್ತ್ರಿಯದು.

ಮೊದಲು ಆಟದ ಸಂಗತಿ ಹೇಳಿಬಿಡುತ್ತೇನೆ. ಕಾಲೇಜಿನ ಆರು ಮಕ್ಕಳು ಸೇರುತ್ತಾರೆ. ಒಬ್ಬರು ಕಥೆ ಹೇಳಿದರೆ ಉಳಿದವರು ದಾಳ ಹಾಕಿ ಆ ಕಥೆಯೊಳಗೆ ನಡೆಯುತ್ತಾರೆ. ಬೆರಳುದ್ದದ ಗೊಂಬೆಗಳು ಓಡಾಡಲು ನೆಲದಡಿಯ ಒಂದು ಕೋಟೆ ಬೇಕು. ಅವಳು ಅದನ್ನು ಡಂಜನ್ ಅನ್ನುತ್ತಾಳೆ, ನಾನು ಪಾತಾಳ ಅನ್ನುತ್ತೇನೆ. ಅದು ತುಂಡು ತುಂಡಾಗಿರಬೇಕು. ಇವತ್ತು ಓಣಿಯಾದದ್ದು ನಾಳೆ ಕೋಣೆಯಾಗಬೇಕು. ಭಾನುವಾರದೊಳಗೆ ಅಂಥದ್ದನ್ನು ಕಟ್ಟಿ ತಂದರೆ ಕಥೆ ಇವಳದು, ಇಲ್ಲದಿದ್ದರೆ ಸರದಿ ಬೇರೆಯವರಿಗೆ ಎಂದು ಮಾತಾಗಿತ್ತು.

ದಪ್ಪ ರಟ್ಟು ಕೊಯ್ದು, ಕಲ್ಲಿನ ಬಣ್ಣ ಬಳಿದು ಅವಳು ನೆಲ ಮಾಡಿದಳು. ಗೋಡೆ ನನ್ನ ಪಾಲಿಗೆ. ಕಾರ್ಖಾನೆಯ ಫೌಂಡ್ರಿಯಲ್ಲಿ ಲೋಹ ಎರೆಯಲು ಮರಳು ಬಡಿದು ಅಚ್ಚು ಕಟ್ಟಿದ ಕೈ ಇದು, ಸುಮ್ಮನಿರುತ್ತದೆಯೇ? ಟ್ರಂಕಿನಿಂದ ಈ ಸ್ಕೇಲು ತೆಗೆದೆ, ಎರಡೆರಡು ಇಂಚಿನ ಮರದ ಅಚ್ಚು ಮಾಡಿದೆ, ಎಣ್ಣೆ ಸವರಿ ಪ್ಲಾಸ್ಟರ್ ಸುರಿದೆ. ಎಪ್ಪತ್ತು ಗೋಡೆ. ಒಂದೊಂದರಲ್ಲೂ ಕಲ್ಲು ಕಲ್ಲು ಎಣಿಸಬಹುದಿತ್ತು.

ಗುರುವಾರ ಜೋಡಿಸಲು ಕೂತೆವು. ಎರಡು ಗೋಡೆ ಸರಿ, ಮೂರು ಸರಿ. ಹನ್ನೆರಡು ಇಡುವಷ್ಟರಲ್ಲಿ ಕೊನೆಯದು ನೆಲ ಬಿಟ್ಟು ಅರ್ಧ ಇಂಚು ಆಚೆ. ಮೂಲೆ ಕೂಡಲಿಲ್ಲ, ಬಾಗಿಲು ಕೂರಲಿಲ್ಲ.

"ಅಜ್ಜ, ಕನ್ನಡಕ ಹಾಕ್ಕೊಂಡು ಅಳದ್ಯಾ?"

"ಮೊದ್ಲು ನಿನ್ನ ಪ್ಲಾಸ್ಟಿಕ್ ಸ್ಕೇಲ್ ನೋಡ್ಕೊ, ಮಾರಾಯ್ತಿ."

ತನ್ನ ಸ್ಕೇಲನ್ನು ನನ್ನದರ ಪಕ್ಕಕ್ಕೆ ಇಟ್ಟಳು. ಅವಳ ಒಂದು ಅಡಿ ಮುಗಿದ ಮೇಲೂ ನನ್ನ ಅಡಿ ಕಾಲು ಇಂಚು ಉಳಿದಿತ್ತು. ಆಗ ನೆನಪಾಯಿತು...

ಈ ಸ್ಕೇಲು ಕೊಟ್ಟವರು ನಮ್ಮ ಫೌಂಡ್ರಿಯ ಪ್ಯಾಟರ್ನ್ ಶಾಪಿನ ಮೇಸ್ತ್ರಿ. ಎರಕಕ್ಕೆ ಬೇಕಾದ ಮರದ ಮಾದರಿಗಳನ್ನು ಮಾಡುತ್ತಿದ್ದರು. ನ್ಯೂ ಟೌನಿನಲ್ಲಿ ನಮ್ಮ ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲೇ ಮನೆ. ಮನೆಮಾತು ತಮಿಳು, ನನ್ನನ್ನು ತಂಬಿ, ಅಂದರೆ ತಮ್ಮ, ಎಂದೇ ಕರೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಕಣ್ಣು ಮುಚ್ಚಿ, ಕೂಡಿಸಿದ ಜಾಗದ ಮೇಲೆ ಹೆಬ್ಬೆರಳ ಉಗುರು ಎಳೆಯುವರು. ಉಗುರು ಎಲ್ಲಾದರೂ ಸಿಕ್ಕಿತೋ, ಆ ಮಾದರಿ ಮತ್ತೆ ಬೆಂಚಿಗೆ. ಸಿಕ್ಕದಿದ್ದರೆ "ಪರವಾಗಿಲ್ಲ" ಅನ್ನುವರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ನಾನು ಕೇಳಿದ್ದಿಲ್ಲ.

ರಿಟೈರಾದ ದಿನ ಸ್ಕೇಲನ್ನು ನನ್ನ ಕೈಗಿಟ್ಟರು. "ನನ್ನ ಪ್ಯಾಟರ್ನ್ ಒಂದೂ ಮುರೀಲಿಲ್ಲ ನೀನು. ಇಟ್ಕೊ. ಆದ್ರೆ ಇದ್ರಲ್ಲಿ ಮನೆ ಗಿನೆ ಕಟ್ಬೇಡ ತಂಬಿ, ಇದು ಉಕ್ಕಿನ ಎರಕದ ಸ್ಕೇಲು."

ಕಾದ ಲೋಹ ಆರುವಾಗ ಕುಗ್ಗುತ್ತದೆ. ಆ ಕುಗ್ಗುವಷ್ಟನ್ನು ಮೊದಲೇ ಸೇರಿಸಿ ಗೀಟು ಹಾಕಿದ ಸ್ಕೇಲು ಅದು. ಫೌಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು, ನನಗೂ. ಪ್ಲಾಸ್ಟರ್ ಕುಗ್ಗುವುದಿಲ್ಲ ಎಂಬುದೊಂದನ್ನು ಮಾತ್ರ ಕೈ ಮರೆತಿತ್ತು.

ಮೊಮ್ಮಗಳ ಕಣ್ಣು ತುಂಬಿತ್ತು. ಗೋಡೆ ಉಜ್ಜಿ ಸಣ್ಣ ಮಾಡುತ್ತೇನೆಂದು ಉಪ್ಪುಕಾಗದ ಎತ್ತಿಕೊಂಡಳು. ಉಜ್ಜಿದರೆ ಕಲ್ಲೆಲ್ಲ ಅಳಿಸಿಹೋಗುತ್ತಿದ್ದವು. ಕೈ ಹಿಡಿದೆ.

"ಗೋಡೆ ಮುಟ್ಬೇಡ. ಹೊಸ ರಟ್ಟು ತರ್ತೀನಿ, ನೆಲ ಕೊಯ್ಯಿ. ಈ ಸ್ಕೇಲಲ್ಲೇ ಅಳೆ."

"ಇಂಚೇ ತಪ್ಪಲ್ವಾ ಅಜ್ಜ?"

"ನಿನ್ನ ಪಾತಾಳಕ್ಕೆ ಯಾವ ಇನ್ಸ್‌ಪೆಕ್ಟರ್ ಬರ್ತಾನೆ? ಎಲ್ಲಾ ಒಂದೇ ಸ್ಕೇಲಲ್ಲಿದ್ರೆ ಸಾಕು."

ಶುಕ್ರವಾರ, ಶನಿವಾರ ಮನೆಮಂದಿಯೆಲ್ಲ ರಟ್ಟು ಕೊಯ್ದೆವು. ಇವತ್ತು ಬೆಳಿಗ್ಗೆ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗಳಲ್ಲಿ ಪಾತಾಳ ತುಂಬಿಕೊಂಡು ಬಸ್ಸು ಹತ್ತಿದೆವು. ಗೆಳತಿಯ ಮನೆಯಲ್ಲಿ ಆ ಮಕ್ಕಳು ಮೂರು ಸಲ ಕಿತ್ತು, ಮೂರು ಬಗೆಯಲ್ಲಿ ಜೋಡಿಸಿ ಪರೀಕ್ಷೆ ಮಾಡಿದರು. ಮೂರು ಸಲವೂ ಗೋಡೆಗೆ ಗೋಡೆ ಕೂತಿತು, ಬಾಗಿಲು ಮುಚ್ಚಿತು. "ಕಥೆ ಶುರು ಮಾಡೇ" ಅಂದಳು ಗೆಳತಿ. ಆಮೇಲೆ ನಾಲ್ಕು ತಾಸು ಒಬ್ಬರೂ ಏಳಲಿಲ್ಲ.

ಮೇಸ್ತ್ರಿ ಇದನ್ನು ನೋಡಬೇಕಿತ್ತು. ರಿಟೈರಾದ ಮೇಲೆ ಮಗಳ ಊರಿಗೆ ಹೋದರು. ಹೋಗಿ ನೋಡಿ ಬರಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ... ಕೊನೆಗೆ ಬಂದದ್ದು ಒಂದು ಕಾರ್ಡು. ಅದು ನಮ್ಮ ಕೈ ಸೇರುವಷ್ಟರಲ್ಲಿ ಹದಿನೈದು ದಿನದ ಕಾರ್ಯವೂ ಮುಗಿದಿತ್ತು.

ಮನೆಗೆ ಬಂದಾಗ ರಾತ್ರಿ ಊಟಕ್ಕೆ ಸೊಸೆ ಕಡುಬು, ಕೋಳಿಸಾರು ಮಾಡಿದ್ದಳು. ನಡುಮನೆಯ ತುಂಬ ಮೊಮ್ಮಗಳು ಮತ್ತೆ ಜೋಡಿಸಿದ ಪಾತಾಳ ಹರಡಿತ್ತು. ಅದರ ಸುತ್ತಲೇ ಎಲ್ಲರೂ ತಟ್ಟೆ ಹಿಡಿದು ಕೂತೆವು. ನಾನು ಎಡಗೈ ಚಾಚಿ, ಕಣ್ಣು ಮುಚ್ಚಿ, ಗೋಡೆಗಳ ಸಂದಿನ ಮೇಲೆ ಹೆಬ್ಬೆರಳ ಉಗುರು ಎಳೆದೆ. ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಸಿಕ್ಕಲಿಲ್ಲ.

"ಹೆಂಗಿದೆ ಅಜ್ಜ?"

"ಪರವಾಗಿಲ್ಲ."

"ಅಷ್ಟೇನಾ?" ಎಂದು ಮುಖ ಊದಿಸಿದಳು. ಎಲ್ಲರೂ ನಕ್ಕರು. ಸೊಸೆ ನನ್ನ ಮುಖ ನೋಡಿ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು.