ಸಿಪಾಯಿ ತಾತನ ಪಕ್ಕದ ಎಲೆ

ನಮ್ಮ ಮನೆಯಲ್ಲಿ ಡಿಗ್ರಿ ಅನ್ನುವುದು ಯಾರಿಗೂ ಆಗುವುದಿಲ್ಲ ಎಂದು ತೀರ್ಪು ಕೊಟ್ಟವಳು ನನ್ನ ಸೋದರತ್ತೆ. ಹಲಸೂರಿನ ನಮ್ಮ ಗಲ್ಲಿಯ ಕೊಳಾಯಿ ಮುಂದೆ, ಬಿಂದಿಗೆ ಸಾಲಿನ ನಡುವೆ ನಿಂತು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

“ನಿಮ್ಮಪ್ಪ ಏಳನೇ ಕ್ಲಾಸಿಗೇ ಕೈ ಮುಗಿದ. ನಾನು ಸ್ಕೂಲ್ ಗೇಟೇ ದಾಟ್ಲಿಲ್ಲ. ನೀನು ಬಿ.ಎ. ಮಾಡ್ತೀಯಾ? ಮಾಡು ಮಾಡು. ಫೇಲಾದ್ಮೇಲೆ ಬಿಂದಿಗೆ ಹಿಡ್ಕೊಂಡು ಇಲ್ಲಿಗೇ ಬಾ.”

“ಪಾಸಾಗ್ಬಿಟ್ರೆ?”

“ಪಾಸಾಗ್ಬಿಟ್ರೆ ಆ ಖುಷೀಲಿ ನನ್ನ ಬಿಂದಿಗೇನೂ ನೀನೇ ತುಂಬ್ಸಿಕೊಡು.”

ಅತ್ತೆಯ ಜೊತೆ ಪಂದ್ಯ ಕಟ್ಟಿದರೆ ಹೀಗೇ. ಸೋತರೂ ಗೆದ್ದರೂ ನೀರು ಅವಳ ಬಿಂದಿಗೆಗೇ ಬರುತ್ತದೆ.

ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳು ಈ ಅತ್ತೆಯೇ. ಅಪ್ಪ ಇಂದಿರಾನಗರದ ಮನೆಗಳಿಗೆ ಬಣ್ಣ ಬಳಿಯುತ್ತಿದ್ದರು. ನಾನು ಹಗಲೆಲ್ಲ ಒಂದು ಎಸ್‌ಟಿಡಿ ಬೂತಿನಲ್ಲಿ ಕೂತು, ಸಂಜೆ ಶಿವಾಜಿನಗರದ ಕಡೆಯ ಸಂಜೆ ಕಾಲೇಜಿಗೆ ಓಡುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಗಾಜಿನ ಡಬ್ಬಿಯೊಳಗೆ ನಿಂತು ಜನ ಫೋನಿನಲ್ಲಿ ಅಳುತ್ತಿದ್ದರು, ಕಿರುಚುತ್ತಿದ್ದರು, ಮುತ್ತು ಕೊಡುತ್ತಿದ್ದರು. ಹೊರಗೆ ಕೂತ ನಾನು ಚರಿತ್ರೆ ಓದುತ್ತಿದ್ದೆ.

ಕೊನೆಯ ವರ್ಷ ಚರಿತ್ರೆಯ ಮೇಷ್ಟ್ರು ಎಲ್ಲರೂ ಒಂದೊಂದು ಪ್ರಾಜೆಕ್ಟ್ ಬರೆಯಬೇಕು ಎಂದರು. ತಮ್ಮ ಬೀದಿಯದ್ದಾದರೂ ಸರಿ, ತಮ್ಮ ಮನೆತನದ್ದಾದರೂ ಸರಿ. “ಆದ್ರೆ ಮನೇಲಿ ಹೇಳಿದ್ರು ಅಂತ ಕತೆ ಬರ್ಕೊಂಡು ಬರ್ಬೇಡಿ. ದಾಖಲೆ ಬೇಕು. ದಾಖಲೆ ಇಲ್ದಿದ್ರೆ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಇಲ್ದಿದ್ರೆ ಡಿಗ್ರೀನೂ ಇಲ್ಲ.”

ನಾನು ಯೋಚನೆಯನ್ನೇ ಮಾಡದೆ ಕೈ ಎತ್ತಿದೆ. “ಸಾರ್, ನಮ್ಮನೇಲಿ ಒಬ್ಬ ಸಿಪಾಯಿ ಇದ್ದ.”

ಸಿಪಾಯಿ ತಾತ ಎಂದರೆ ಅಪ್ಪನ ಮುತ್ತಾತ. ಆರ್ಕಾಟಿನ ಕಡೆಯ ಹಳ್ಳಿಯಿಂದ ಬ್ರಿಟಿಷರ ಪಲ್ಟನ್ನಿನ ಹಿಂದೆ ನಡೆದುಕೊಂಡೇ ದಂಡಿಗೆ ಬಂದವನು. ದಂಡು ಎಂದರೆ ನಮಗೆ ಇವತ್ತಿಗೂ ಕಂಟೋನ್ಮೆಂಟು. ನಮ್ಮ ಮನೆಯ ತಮಿಳು ಅವನ ಜೊತೆಗೇ ಬಂದದ್ದು. ಕನ್ನಡ ಇಲ್ಲಿನ ಬೀದಿಯಲ್ಲಿ ಸಿಕ್ಕಿದ್ದು. ಆಮೇಲೆ ಮುದ್ದಿಗೆ ತಮಿಳು, ಜಗಳಕ್ಕೆ ಕನ್ನಡ ಎಂದು ಅದು ಹೇಗೋ ಪಾಲಾಗಿಹೋಯಿತು. ಅತ್ತೆ ನನ್ನ ಜೊತೆ ಹೆಚ್ಚಾಗಿ ಕನ್ನಡದಲ್ಲೇ ಮಾತನಾಡುತ್ತಿದ್ದಳು ಎಂದರೆ ಉಳಿದದ್ದು ನಿಮಗೆ ಅರ್ಥವಾಗುತ್ತದೆ.

ಸಿಪಾಯಿ ತಾತನ ವಿಷಯದಲ್ಲಿ ನಮ್ಮ ಕೈಯಲ್ಲಿದ್ದದ್ದು ಮಹಾಲಯ ಅಮಾವಾಸ್ಯೆಯ ಎಡೆ ಮಾತ್ರ. ಆ ದಿನ ಅತ್ತೆ ಮಿಂದು ಬಂದು, ಅವನ ಹೆಸರು, ಅವನಪ್ಪನ ಹೆಸರು, ಊರು, ಈ ಮೂರನ್ನೂ ಇದೇ ಸಾಲಿನಲ್ಲಿ ಗಟ್ಟಿಯಾಗಿ ಕೂಗಿ ಕರೆಯುತ್ತಿದ್ದಳು. ಒಳಗೆ ದೊಡ್ಡ ಎಲೆಯ ಮೇಲೆ ಅನ್ನ, ಮಟನ್ ಸಾರು, ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಬ್ರಾಂದಿ, ಒಂದು ಕಟ್ಟು ಬೀಡಿ. ಹೊಸ್ತಿಲಿನ ಆಚೆ ಇನ್ನೊಂದು ಚಿಕ್ಕ ಎಲೆ. ಅದರ ಮೇಲೆ ನೆನೆಸಿದ ಹಸಿ ಹುರುಳಿ, ಒಂದು ಉಂಡೆ ಬೆಲ್ಲ. ಅಷ್ಟೇ.

“ಇದ್ಯಾರಿಗೆ ಅತ್ತೆ?”

“ನಮ್ಮಜ್ಜಿ ಇಡ್ತಿದ್ಲು, ನಾನೂ ಇಡ್ತೀನಿ. ಎಡೆ ಮುಂದೆ ಬಾಯಿ ಮುಚ್ಕೊಂಡಿರು.”

ಬಿ.ಎ. ಓದುತ್ತಿದ್ದ ನನಗೆ ಉತ್ತರ ತಾನಾಗಿಯೇ ಹೊಳೆಯಿತು. ಅದು ತಾತನ ಹೆಂಡತಿಯ ಎಲೆ! ಗಂಡನಿಗೆ ಮಟನ್ನು, ಮೊಟ್ಟೆ, ಬ್ರಾಂದಿ. ಹೆಂಡತಿಗೆ ಹಸಿ ಹುರುಳಿ, ಅದೂ ಹೊಸ್ತಿಲಿನ ಆಚೆ! ಸಿಟ್ಟಿನಲ್ಲಿ ಎರಡು ಪುಟ ಬರೆದು ಮೇಷ್ಟ್ರಿಗೆ ತೋರಿಸಿದೆ. “ಒಳ್ಳೆ ಪಾಯಿಂಟ್ ಹಿಡ್ದಿದೀಯಮ್ಮ” ಎಂದರು. ನಾನು ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತಾ ಮನೆಗೆ ಬಂದೆ.

ಆದರೆ ದಾಖಲೆ? ಮೇಷ್ಟ್ರ ಪತ್ರ ಹಿಡಿದುಕೊಂಡು ದಂಡಿನ ಹಳೆಯ ಕಾಗದಗಳನ್ನು ಇಟ್ಟಿದ್ದ ಕಚೇರಿಗೆ, ಬೂತಿಗೆ ರಜೆ ಸಿಕ್ಕಾಗಲೆಲ್ಲ ಹೋದೆ. ಸಿಪಾಯಿಗಳ ಪಟ್ಟಿ ಬೇಕು ಎಂದು ಕೇಳಿದೆ. ದಿಂಬಿನಷ್ಟು ದಪ್ಪದ ಪುಸ್ತಕಗಳು ಬಂದವು. ಒಳಗೆ ಓರೆಯಾಗಿ ಓಡುವ ಇಂಗ್ಲಿಷ್ ಕೈಬರಹ. ಕನ್ನಡ ಮೀಡಿಯಮ್ಮಿನ ನನಗೆ ಅಚ್ಚಿನ ಇಂಗ್ಲಿಷೇ ಕಷ್ಟ. ಎರವಲು ತಂದ ಡಿಕ್ಷನರಿಯನ್ನು ಮಡಿಲಲ್ಲಿಟ್ಟುಕೊಂಡು, ಮೊದಲು ಆ ಅಕ್ಷರಗಳನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ಬರೆದು ಕಲಿತೆ, ಆಮೇಲೆ ಓದಿದೆ. ಬಂದೂಕು ಹಿಡಿದವರನ್ನೆಲ್ಲ ಹುಡುಕಿದೆ. ತಾತ ಎಲ್ಲಿಯೂ ಇರಲಿಲ್ಲ. ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬರುತ್ತಿತ್ತು.

“ಸಿಕ್ಕಿದ್ನಾ ತಾತ?” ಎಂದು ಅತ್ತೆ ಕೇಳುತ್ತಿದ್ದಳು.

“ಇಲ್ಲ.”

“ಬಿಂದಿಗೆ ಖಾಲಿ ಇದೆ ನೋಡು.”

ಒಂದು ಸಂಜೆ ಕ್ಲಾಸಿಗೆ ಹೋಗುವಾಗ ಶಿವಾಜಿನಗರದಲ್ಲಿ ಬಸ್ಸಿಳಿದೆ. ಮಾರ್ಕೆಟ್ಟಿನ ಹತ್ತಿರ ಆಗ ಒಂದೆರಡು ಜಟಕಾಗಳು ಇನ್ನೂ ಉಳಿದಿದ್ದವು. ಒಂದು ಕುದುರೆ ಕುತ್ತಿಗೆಗೆ ಕಟ್ಟಿದ ಗೋಣಿಚೀಲದೊಳಗೆ ಮೂತಿ ಇಟ್ಟುಕೊಂಡು ಏನನ್ನೋ ಮೆಲ್ಲುತ್ತಿತ್ತು. ಜಟಕಾದವರು ಜೇಬಿನಿಂದ ಬೆಲ್ಲದ ಚೂರು ತೆಗೆದು ಅದರ ಬಾಯಿಗಿಟ್ಟರು. ನಾನು ನಿಂತಲ್ಲೇ ನಿಂತುಬಿಟ್ಟೆ.

“ಚೀಲದಲ್ಲಿ ಏನಿದೆ, ಸಾಬ್ರೇ?”

“ಹುರುಳಿ, ನೆನೆಸಿದ್ದು. ಇನ್ನೇನು ಬಿರಿಯಾನಿನಾ?”

ಬೀದಿಯ ನಡುವೆ ಒಬ್ಬಳೇ ನಗಲು ಶುರುಮಾಡಿದೆ. ನಿಲ್ಲಿಸಲು ಆಗಲಿಲ್ಲ. ಕುದುರೆ ಚೀಲದಿಂದ ಮೂತಿ ತೆಗೆದು ನನ್ನನ್ನು ನೋಡಿತು. ನಾನು ಅದಕ್ಕೆ ನಮಸ್ಕಾರ ಮಾಡಿದೆ. ಸಾಬರು ನಿಧಾನವಾಗಿ ಅದರ ಲಗಾಮನ್ನು ತಮ್ಮ ಕಡೆಗೆ ಎಳೆದುಕೊಂಡರು.

ಮಾರನೆಯ ದಿನವೇ ಹೊಟ್ಟೆನೋವು ಎಂದು ಬೂತಿಗೆ ರಜೆ ಹಾಕಿ ಕಚೇರಿಗೆ ಓಡಿದೆ. ಈ ಸಲ ಬಂದೂಕಿನವರು ಬೇಡ, ಕುದುರೆಗಳ ಜೊತೆ ಇದ್ದವರ ಪಟ್ಟಿ ಕೊಡಿ ಎಂದೆ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿದ. ಹೆಸರು, ಅಪ್ಪನ ಹೆಸರು, ಊರು, ಅತ್ತೆ ಕೂಗುವ ಅದೇ ಸಾಲಿನಲ್ಲಿ. ನನಗೆ ಅವಳ ಧ್ವನಿಯೇ ಕೇಳಿಸಿದ ಹಾಗಾಯಿತು. ಕೆಲಸ: ಕುದುರೆಗೆ ಹುಲ್ಲು ಕೊಯ್ದು ತರುವುದು. ಆ ಕಾಲದಲ್ಲಿ ಸೈನ್ಯದ ಕುದುರೆಗಳಿಗೆ ಹುಲ್ಲು ಕೊಯ್ಯಲೆಂದೇ ಆಳುಗಳಿರುತ್ತಿದ್ದರು. ಅದರ ನಂತರದ ಪುಸ್ತಕದಲ್ಲಿ ಮತ್ತೆ ಅವನೇ, ‘ಹಿಂದೆ ಹುಲ್ಲು ಕೊಯ್ಯುತ್ತಿದ್ದವನು’ ಎಂಬ ಷರಾ ಸಮೇತ: ಫಿರಂಗಿ ಎಳೆಯುವ ಕುದುರೆಯ ಸವಾರನಾಗಿ ಭರ್ತಿ. ಅಂದರೆ ಸಿಪಾಯಿ! ಅವನಿಗೆ ಇದ್ದದ್ದು ಒಂದೇ ಸಾಲು. ಅವನ ಕುದುರೆಗೆ ಮೂರು ಸಾಲು. ಹೆಣ್ಣು ಕುದುರೆ, ಕಂದು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ, ಮುಂದಿನ ಒಂದು ಕಾಲು ಬಿಳಿ. ಕೊನೆಯ ಪದಕ್ಕೆ ಡಿಕ್ಷನರಿ ನೋಡಿದೆ: ಕಚ್ಚುವ ಸ್ವಭಾವ. ನಮ್ಮ ಮನೆಗೆ ಅತ್ತೆ ಎಲ್ಲಿಂದ ಬಂದಳು ಎನ್ನುವುದೂ ಅಲ್ಲೇ ಗೊತ್ತಾಯಿತು.

ಆ ಸಂಜೆ ಮನೆಯಲ್ಲಿ ಓದಿ ಹೇಳಿದಾಗ ಅತ್ತೆ ಅರ್ಧಕ್ಕೇ ಎದ್ದು ನಿಂತಳು.

“ಹುಲ್ಲು ಕೊಯ್ಯೋನಾ? ನಿನ್ನ ಮದ್ವೆ ಮಾತುಕತೆಗೆ ಹೋದ ಕಡೆಯೆಲ್ಲಾ ಸಿಪಾಯಿ ವಂಶ ಅಂತ ಎದೆ ತಟ್ಕೊಂಡು ಬಂದಿದೀನಿ ಕಣೇ! ಆ ಹುಲ್ಲಿನ ವಿಷ್ಯ ಬರೀಬೇಡ.”

“ಬರೀಲೇಬೇಕು ಅತ್ತೆ. ಅವನಪ್ಪನ ಹೆಸರು, ಊರು ಇರೋದು ಆ ಹುಲ್ಲಿನ ಪಟ್ಟೀಲೇ. ಅದನ್ನ ಬಿಟ್ರೆ ಇವನು ನಮ್ಮ ತಾತ ಅಂತ ತೋರ್ಸೋಕೆ ಆಗಲ್ಲ.”

ಅಪ್ಪ ಬಣ್ಣದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. “ಬಿಡಕ್ಕಾ. ಹುಲ್ಲು ಕೊಯ್ದು ಕೊಯ್ದೇ ಕುದುರೆ ಹತ್ತಿದಾನಲ್ಲ. ನಾನು ಇಷ್ಟು ವರ್ಷ ಬಣ್ಣ ಬಳಿದ್ರೂ ಒಂದು ಮನೆ ಹತ್ತಿಲ್ಲ, ಏಣಿ ಬಿಟ್ರೆ.”

ಅತ್ತೆ ಬಾಗಿಲಿಗೆ ಹೋಗಿ ಹೊಸ್ತಿಲಿನ ಆಚೆಯ ಖಾಲಿ ನೆಲವನ್ನು ನೋಡುತ್ತಾ ನಿಂತಳು. “ಹಂಗಾದ್ರೆ ಇಷ್ಟು ವರ್ಷ ನಾನು ಕುದುರೆಗೆ ಎಡೆ ಇಟ್ಟೆನಾ?”

“ಹೂಂ.”

“ಅದಕ್ಕೆ ಹೆಸರಿತ್ತಾ?”

“ಇಲ್ಲ. ನಂಬರ್ ಮಾತ್ರ.”

“ಅಯ್ಯೋ ಪಾಪ” ಎಂದಳು. ಮನುಷ್ಯರಿಗೆ ಅವಳು ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ಕೊಳಾಯಿ ಹತ್ತಿರ ಕುದುರೆಯ ಸುದ್ದಿಯೇ ಸುದ್ದಿ. ವಾರ ಕಳೆಯುವಷ್ಟರಲ್ಲಿ ಅದು ಆನೆಯಷ್ಟು ಬೆಳೆದಿತ್ತು.

ನಾನು ಸಿಟ್ಟಿನ ಎರಡು ಪುಟಗಳನ್ನು ಹರಿದುಹಾಕಿ ಹೊಸದಾಗಿ ಬರೆದೆ. ಮೇಷ್ಟ್ರು ಓದುತ್ತಾ ಹೋಗಿ ತಲೆ ಎತ್ತಿದರು.

“ಹೆಂಡ್ತಿ ಎಲ್ಲಮ್ಮ?”

“ಸಾರ್, ಆ ಎಲೆ ಕುದುರೇದು. ಹೆಂಡ್ತಿಗೆ ಎಲೇನೇ ಇಲ್ಲ.”

ಅವರು ಕನ್ನಡಕ ತೆಗೆದಿಟ್ಟು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ನಾನು ಬರೆದುಕೊಂಡು ಬಂದಿದ್ದ ದಾಖಲೆಯ ಸಾಲುಗಳನ್ನು ಬೆರಳಿಟ್ಟು ಓದಿ ಸಹಿ ಹಾಕಿದರು. “ನನ್ನ ಸರ್ವೀಸಲ್ಲಿ ಕುದುರೆಗೆ ಮಾರ್ಕ್ಸ್ ಕೊಡ್ತಿರೋದು ಇದೇ ಮೊದ್ಲು.”

ಪಾಸಾದೆ. ಆ ವರ್ಷದ ಅಮಾವಾಸ್ಯೆಗೆ ಹೆಂಡತಿಗೂ ಒಂದು ಎಲೆ ಬಿತ್ತು, ಮಟನ್ ಸಹಿತ. ನಾನೇ ಹಾಕಿದೆ, ಅತ್ತೆ ಬೈಯಲಿಲ್ಲ.

ಡಿಗ್ರಿ ಸರ್ಟಿಫಿಕೇಟ್ ಕೈಗೆ ಬಂದ ದಿನ ನಾನು ಮನೆಗೆ ಹೋಗದೆ ನೇರವಾಗಿ ಕೊಳಾಯಿಗೆ ಹೋದೆ. ಅತ್ತೆ ಸಾಲಿನಲ್ಲಿದ್ದಳು. ಸರ್ಟಿಫಿಕೇಟನ್ನು ಅವಳ ಮುಂದೆ ಹಿಡಿದೆ. ಅವಳು ಬಿಂದಿಗೆ ಕೆಳಗಿಟ್ಟು, ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು, ಸಾಲದೆಂದು ಮತ್ತೊಮ್ಮೆ ಒರೆಸಿಕೊಂಡಳು. ಆಮೇಲೆ ಇಸಿದುಕೊಂಡಳು. ಅವಳಿಗೆ ಓದಲು ಬರುವುದಿಲ್ಲ. ಆದರೂ ಮೇಲಿನಿಂದ ಕೆಳಗಿನವರೆಗೂ, ಒಂದು ಮೂಲೆಯನ್ನೂ ಬಿಡದೆ ನೋಡಿದಳು. ಹಿಂದೆ ತಿರುಗಿಸಿಯೂ ನೋಡಿದಳು. ಹಿಂದಿನವರು ಬಿಂದಿಗೆ ಬಡಿದು ಕೂಗಿದರು. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಕೊನೆಗೆ, ಕೊಳಾಯಿ ಹತ್ತಿರ ಎಂದೂ ಆಡದ ತಮಿಳಿನಲ್ಲಿ, ಮೆಲ್ಲಗೆ ಕೇಳಿದಳು:

“ಎಲ್ಲಾ ಸರಿ, ನನ್ನ ಕಣ್ಣೇ. ನಮ್ಮ ಕುದುರೇದು ಇದ್ರಲ್ಲಿ ಎಲ್ಲಿ ಬರ್ದಿದಾರೆ?”