ಆ ಗುರುವಾರವನ್ನು ಸುಳ್ಳೆಂದವನು

ಎಂಟು ವರ್ಷ ಕ್ವಾಕು ಬದಿಯಾಕೊ ಪ್ರೊಫೆಸರ್ ಅಸಿಯೆಡು ಅವರ ಹಿಂದೆ ರೆಕಾರ್ಡರ್ ಹೊತ್ತು ಅಶಾಂಟಿ ಜನರ ಸೀಮೆಯ ಊರೂರು ಸುತ್ತಿದ. ಹಿರಿಯರ ಮುಂದೆ ಜಿನ್ ಬಾಟಲಿಯಿಟ್ಟು, ನೆಲಕ್ಕೆರಡು ಹನಿ ಬಿಟ್ಟು ಬಾಯಿ ಬಿಡಿಸುವವನು ಅವನು. ಕೇಳಿದ್ದನ್ನೆಲ್ಲ ಇಂಗ್ಲಿಷಿಗೆ ಇಳಿಸುವವನೂ ಅವನೇ. ಪ್ರೊಫೆಸರು ಸಭೆಗಳಲ್ಲಿ ಮೇಜು ಗುದ್ದುತ್ತಿದ್ದರು: "ಬಿಳಿಯರು ನಮ್ಮ ಚಿನ್ನ ಒಯ್ದರು, ಕಥೆಯನ್ನೂ ಒಯ್ದರು. ನಮ್ಮ ಚರಿತ್ರೆ ನಾವೇ ಬರೀಬೇಕು!" ಹಿಂದಿನ ಬೆಂಚಿನಿಂದ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವನು ಕ್ವಾಕು. ಆ ಮಾತನ್ನು ಅವನು ನಂಬಿದ್ದ. ನಂಬಿದ್ದೇ ಎಡವಟ್ಟಾಯಿತು.

ಅವನ ತಾಯಿಯ ಊರು ಅಸುವಾಸೆಯಲ್ಲಿ ಒಂದು ಆಣೆಯಿದೆ: "ಆ ಗುರುವಾರ". ಆಣೆಯಿಡುವುದು ಹಿಂದೆಂದೋ ಊರಿಗೆರಗಿದ ಕೇಡಿನ ದಿನದ ಮೇಲೆ. ಹೆಸರೆತ್ತಿದರೂ ಸಾಕು, ಪಂಚಾಯಿತಿ ಸೇರಿ ಕುರಿ ಕಡಿದು ಶುದ್ಧಿ ಮಾಡಬೇಕು. ಅಂದು ನಡೆದದ್ದೇನೆಂಬುದು ಪಟ್ಟದಲ್ಲಿ ಕೂತ ರಾಜಮಾತೆಯ ಬಾಯಿಂದ ಮುಂದೆ ಪಟ್ಟಕ್ಕೆ ಬರುವವಳ ಕಿವಿಗೆ ಮಾತ್ರ.

ರಾಜಮಾತೆ ನಾನಾ ಬೆಂಪೊಮಾ ಕ್ವಾಕುವಿಗೆ ಚಿಕ್ಕಜ್ಜಿ. ಒಂದು ಮಧ್ಯಾಹ್ನ, "ಆ ಪೆಟ್ಟಿಗೆ ಆರಿಸೋ" ಎಂದಳು. "ಪಟ್ಟಕ್ಕೆ ಬರೋಳು ಇನ್ನೂ ಗೊಂಬೆ ಆಡೋ ಹುಡುಗಿ. ಅವಳು ದೊಡ್ಡೋಳಾಗೋವರ್ಗೂ ನಾನಿರ್ತೀನಾ? ನೀನು ಹೊತ್ಕೊಂಡಿದ್ದು ಅವಳ ಕಿವಿಗೆ ಹಾಕು. ಬರೆದ್ಯೋ, ಕೈ ಮುರೀತೀನಿ ನೋಡು."

ರೆಕಾರ್ಡರ್ ಆರಿಸಿದ, ಆ ಗುರುವಾರದ ಕಥೆಯನ್ನು ಅವಳ ಬಾಯಿಂದ ಪೂರ್ತಿ ಕೇಳಿದ. ಆದರೆ ಬಿಡಾರಕ್ಕೆ ಬಂದು ಬರೆದಿಟ್ಟ. ಬರೆಯದೆ ಉಳಿದದ್ದು ಸತ್ತಂತೆ ಎಂದು ಎಂಟು ವರ್ಷ ಕಲಿತಿದ್ದನಲ್ಲ! ಆ ನೋಟ್‌ಬುಕ್ಕೂ ಪ್ರೊಫೆಸರ ಬೀರು ಸೇರಿತು.

"ಸಾರ್, ಇದೊಂದು ಅಚ್ಚಿಗೆ ಬೇಡ."

"ನಂಗೆ ತಿಳಿಯಲ್ವೇನಯ್ಯಾ? ನಾನೂ ಇದೇ ಮಣ್ಣೋನು."

೧೯೭೨ರಲ್ಲಿ ಲಂಡನ್ನಿನಿಂದ ಪ್ರೊಫೆಸರ ಪುಸ್ತಕ ಬಂತು. ಮೂರನೆಯ ಅಧ್ಯಾಯವೇ ಆ ಗುರುವಾರ. ಮುನ್ನುಡಿಯಲ್ಲಿ ಕ್ವಾಕುವಿಗೆ ಹೆಸರಿಲ್ಲ, "ಸ್ಥಳೀಯ ದುಭಾಷಿ" ಅಷ್ಟೇ. ಅಮೆರಿಕದಲ್ಲಿ ಕಪ್ಪು ಹುಡುಗರು ಮುಷ್ಕರ ಹೂಡಿ, ಲಾಠಿಯೇಟು ತಿಂದು, ತಮ್ಮ ಜನರ ಚರಿತ್ರೆಗೆಂದು ತೆರೆಸಿಕೊಂಡ ವಿಶ್ವವಿದ್ಯಾಲಯದ ವಿಭಾಗವೊಂದು ಪ್ರೊಫೆಸರನ್ನು ಪಾಠಕ್ಕೆ ಕರೆಸಿಕೊಂಡಿತು.

ಅಸುವಾಸೆಯ ಶಾಲೆ ಮೇಷ್ಟ್ರು ಪುಸ್ತಕ ಓದಿ ಸುದ್ದಿ ಹಬ್ಬಿಸಿದ ತಿಂಗಳಲ್ಲೇ ನಾನಾ ಬೆಂಪೊಮಾ ತೀರಿಕೊಂಡಳು. ಹಿರಿಯರು ಹೆಣ ತಡೆದರು. ಬಾಯಿ ಬಿಟ್ಟವಳು ಅವಳೇ ಆದರೆ ರಾಜಮಾತೆಯರ ಸಾಲಿನಲ್ಲಿ ಗುಂಡಿಯಿಲ್ಲ ಎಂದರು. ಬಂದು ತಪ್ಪೊಪ್ಪಿಕೊಳ್ಳಿ ಎಂದು ಕ್ವಾಕು ಪ್ರೊಫೆಸರಿಗೆ ತಂತಿ ಕೊಟ್ಟ. ಉತ್ತರ ಬಂತು: "ಪಾಠದ ನಡುವೆ ಬರಲಾಗದು. ಜ್ಞಾನಕ್ಕೆ ಬೇಲಿಯಿಲ್ಲವೆಂದು ಹಿರಿಯರಿಗೆ ತಿಳಿಹೇಳು."

ಪಂಚಾಯಿತಿಯಲ್ಲಿ ಹಿರಿಯ ಓಪೋಂಗ್ ಕೇಳಿದ: "ಯಾರೋ ಹೇಳಿದ್ದು ನಿಂಗೆ? ನಿನ್ನಜ್ಜೀನಾ?"

"ಯಾರೂ ಇಲ್ಲ. ನಾನೇ ಕಟ್ಟಿದ್ದು."

"ಕಟ್ಟಿದ್ದಾ!"

"ಪ್ರೊಫೆಸರ ಮುಂದೆ ಖಾಲಿ ಕೈಲಿ ನಿಲ್ಲೋಕೆ ನಾಚಿಕೆಯಾಯ್ತು."

"ಸುಳ್ಳು ಹೇಳೋಕೂ ಸಂಬಳ ತಗೋತಾರೆ ಕಣ್ರೋ ಓದಿದೋರು!" ಎಂದು ಯಾರೋ ನಕ್ಕರು. ನಿಜವೋ ಸುಳ್ಳೋ ಹೇಳಬಲ್ಲವಳು ಹೆಣವಾಗಿ ಮಲಗಿದ್ದಳು. ತೀರ್ಪಾಯಿತು: ಅಜ್ಜಿಗೆ ಪೂರ್ಣ ಗೌರವ, ಮೊಮ್ಮಗ ಇನ್ನು ಊರಿಗೆ ಪರಕೀಯ, ಪಟ್ಟಕ್ಕೆ ಬರುವ ಹುಡುಗಿಯ ಜೊತೆ ಅವನು ಮಾತಾಡಕೂಡದು. ಅಜ್ಜಿಯ ಗುಂಡಿಗಾಗಿ ಅಜ್ಜಿ ಒಪ್ಪಿಸಿದ್ದನ್ನೇ ಅವನು ಹೂಳಿದ್ದ.

ಶನಿವಾರದ ಸಾವಿನೂಟಕ್ಕೆ ಕೆಂಪು-ಕಪ್ಪು ಬಟ್ಟೆಯ ನೆಂಟರೆಲ್ಲ ಒಂದು ಚಪ್ಪರದಲ್ಲಿ. ಕ್ವಾಕು ಹೊರಗಿನವರ ಚಪ್ಪರದಲ್ಲಿ. ಅವನ ಪಕ್ಕದಲ್ಲಿ ಅಮೆರಿಕದ ಡೆಟ್ರಾಯ್ಟಿನ ಕಪ್ಪು ಹುಡುಗಿ ವರ್ನೆಟ್ಟಾ, ಪ್ರೊಫೆಸರ ವಿದ್ಯಾರ್ಥಿನಿ. ಪುಸ್ತಕ ಹಿಡಿದು ಈ ಊರನ್ನೇ ಹುಡುಕಿಕೊಂಡು ಬಂದಿದ್ದಳು.

"ಅಣ್ಣಾ, ನಮ್ಮನ್ನ ಯಾವ ಊರಿಂದ ಹಿಡಿದು ಮಾರಿದ್ರು ಅಂತಾನೂ ನಮಗೆ ಗೊತ್ತಿಲ್ಲ. ಇಲ್ಲೊಂದು ಊರು ತನ್ನ ನೋವನ್ನ ಇಷ್ಟು ಕಾಲ ಕಾಪಾಡಿದೆ ಅಂತ ಓದಿ ಅತ್ತುಬಿಟ್ಟೆ. ನಮ್ಮಮ್ಮಂಗೂ ಓದಿ ಹೇಳ್ದೆ. ಇದೆಲ್ಲ ನಿಜ ತಾನೆ?"

ಎದುರು ಚಪ್ಪರದಿಂದ ಮೇಷ್ಟ್ರೂ ಓಪೋಂಗನೂ ಎದ್ದು ಬಂದು ನಿಂತು ಕಿವಿಗೊಟ್ಟರು.

"ಸುಳ್ಳು ಕಣಮ್ಮ" ಎಂದ ಕ್ವಾಕು. "ನಾನೇ ಕಟ್ಟಿದ್ದು."

ಅವಳು ಪುಸ್ತಕ ಮುಚ್ಚಿದಳು. ಕುರ್ಚಿಯನ್ನು ಅವನಿಂದ ಒಂದು ಮೊಳ ಆಚೆಗೆ ಎಳೆದುಕೊಂಡು ಕೂತಳು.