ಬಿಡು ಅಂದದ್ದು ಕೇಳಿಸಿತ್ತು

ಬಸವಣ್ಣಿ ನನ್ನ ಕಿವಿಯ ಹತ್ತಿರ 'ಬಿಡು' ಅಂದದ್ದು ನನಗೆ ಕೇಳಿಸಿತ್ತು. ಕೇಳಿಸಿಯೂ ನಾನು ಅವನ ತೋಳು ಬಿಡಲಿಲ್ಲ. ಗದ್ದಲದಲ್ಲಿ ಏನೂ ಕೇಳಿಸಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದೆ — ಅದು ಸುಳ್ಳು.

ನಾನು ತೇರಗಾಂವದವನು, ಅವನು ಸಾಂಬ್ರಾಣಿಯವನು. ಇಬ್ಬರೂ ಹಳಿಯಾಳದ ಒಂದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವರು. ಅರವತ್ತರ ದಶಕದ ಕೊನೆಯ ಹೊತ್ತಿಗೆ ದಾಂಡೇಲಿಯ ತುಂಬ ಧಾರವಾಡ, ಬೆಳಗಾವಿ ಕಡೆಯಿಂದ ದುಡಿಯಲು ಬಂದ ಜನ. ಅವರಿಗಾಗಿ ಕಟ್ಟಿಗೆ ವ್ಯಾಪಾರಿಯೊಬ್ಬರು ಟಿಕೆಟ್ ಇಟ್ಟು ಕುಸ್ತಿ ಆಡಿಸಲು ಶುರು ಮಾಡಿದರು. ಮಣ್ಣಿನ ಅಖಾಡವಲ್ಲ — ಹಲಗೆಯ ಮೇಲೆ ಜಮಖಾನೆ, ಸುತ್ತ ಹಗ್ಗ. ಯಾರು ಗೆಲ್ಲಬೇಕು, ಯಾರು ಹೇಗೆ ಬೀಳಬೇಕು, ಎಲ್ಲ ಮೊದಲೇ ಮಾತಾಗಿರುತ್ತಿತ್ತು. ಆ ಆಟದಲ್ಲಿ ನಾನು ಕೆಟ್ಟವನು. ಬಸವಣ್ಣಿ ನನ್ನ ಕೈಯಲ್ಲಿ ಪೆಟ್ಟು ತಿಂದು, ನರಳಿ, ಕಡೆಗೆ ಎದ್ದು ಗೆಲ್ಲುವವನು.

ಗರಡಿಯಲ್ಲಿ ನಮಗೆ ಕಲಿಸಿದ್ದು ನೋವನ್ನು ನುಂಗುವುದನ್ನು. ಇಲ್ಲಿ ಅದನ್ನು ತೋರಿಸಬೇಕು — ಹಿಂದಿನ ಸಾಲಿನಲ್ಲಿ ಕೂತವನಿಗೂ ಕಾಣುವ ಹಾಗೆ. ನನಗೆ ಅದು ಎಂದೂ ಬರಲಿಲ್ಲ. ಅವನಿಗೆ ಬಂತು. ಕೂಗುವ ಮೊದಲು ಬಾಯಿ ತೆರೆದು, ದನಿಯೇ ಹೊರಡದವನಂತೆ ಒಂದು ಕ್ಷಣ ಉಸಿರು ಹಿಡಿಯುತ್ತಿದ್ದ, ಜನರೂ ಹಿಡಿಯುತ್ತಿದ್ದರು. ಮುಂಡಗೋಡದಲ್ಲಿ, ಆಗಷ್ಟೇ ಬಂದು ನೆಲೆಸಿದ್ದ ಟಿಬೆಟಿನ ಅಜ್ಜಿಯೊಬ್ಬಳು ಹಗ್ಗದ ಕೆಳಗೆ ನುಸುಳಿ ಬಂದು ಕೈಯಲ್ಲಿದ್ದ ಜಪಮಾಲೆಯಿಂದಲೇ ನನ್ನ ಮೊಣಕಾಲಿಗೆ ಬಡಿದಳು. ಅವಳ ಭಾಷೆ ತಿಳಿಯಲಿಲ್ಲ, ಬೈಗುಳ ತಿಳಿಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ — ಅವನ ನೋವು ಚೆಂದ ಕಾಣಲು ಬೇಕಾದ ಎರಡು ತೋಳು, ಅಷ್ಟೇ ನಾನು... ಎಂಬುದು ಕೊರೆಯುತ್ತಿತ್ತು.

ಆ ಭಾನುವಾರ ದಾಂಡೇಲಿಯಲ್ಲಿ ಆಟ. ಅವನ ಬಲತೋಳನ್ನು ನಾನು ಬೆನ್ನ ಹಿಂದಕ್ಕೆ ತಿರುವಬೇಕು, ಅವನು ಕೂಗಬೇಕು, ಕೊಸರಿಕೊಂಡು ಏಳಬೇಕು. ಆಟದಲ್ಲಿ ಅವನ ಮೈ ನನ್ನ ಕೈಯ ಜೊತೆಗೇ ಹಗುರವಾಗಿ ತಿರುಗುತ್ತಿತ್ತು. ಅಂದು ಜಮಖಾನೆ ಜಾರಿ ಅವನು ಮೊಣಕಾಲ ಮೇಲೆ ಕುಸಿದ. ತೋಳು ನನ್ನ ಹಿಡಿತದಲ್ಲೇ ಉಳಿಯಿತು. ಮೈ ಬಿಗಿಯಿತು. ಅವನು ಕೂಗಲಿಲ್ಲ.

"ಈರಪ್ಪಾ, ಬಿಡೋ. ಖರೇನ ಬಿಡು," ಅಂದ. ಮೆಲ್ಲಗೆ.

ಅವನ ಕೂಗು ಇಲ್ಲದಾಗ ಜನ ಅವನನ್ನು ಬಿಟ್ಟು ನನ್ನತ್ತ ನೋಡಿದರು — ಮೊದಲ ಸಲ. "ಈರಪ್ಪ, ಹಂಗ ಹಿಡಿ," ಎಂದು ಯಾರೋ ಕೂಗಿದರು, ಅದರ ಹಿಂದೆ ಮತ್ತಷ್ಟು ದನಿಗಳು. ಇನ್ನು ಸ್ವಲ್ಪ — ಇನ್ನೊಂದೇ ಸ್ವಲ್ಪ — ಎಂದುಕೊಂಡೆ. ತಿರುವಿದೆ. ಭುಜದಲ್ಲಿ ಏನೋ ಕಿತ್ತುಬಂದದ್ದು ನನ್ನ ಅಂಗೈಗೆ ತಿಳಿಯಿತು.

ಭುಜವನ್ನು ಹೇಗೋ ಕೂಡಿಸಿದರು, ಬಲ ಬರಲಿಲ್ಲ. ಆ ಕೈಯಿಂದ ತುತ್ತು ಎತ್ತಲೂ ಆಗದೆ ಅವನು ಊರಿಗೆ ಮರಳಿದ. ಪೆಟ್ಟಾದ ದಿನವೇ ವ್ಯಾಪಾರಿ ಕೇಳಿದಾಗ ನಾನು, "ಆಟ ಮಾಡಾಕತ್ತಾನ ಅಂತ ತಿಳಿದೆರೀ, ಆ ಗದ್ದಲದಾಗ ಏನೂ ಕೇಳಿಸಲಿಲ್ಲ," ಅಂದೆ. ಬಸವಣ್ಣಿ ಮಲಗಿದ್ದಲ್ಲಿಂದಲೇ ನನ್ನ ಪರ ಮಾತಾಡಿದ. "ಅವನ ತಪ್ಪಿಲ್ಲರೀ. ನನ್ನ ಆಟಾನ ಹಂಗಿತ್ತು. ಜೋಡಿ ಆಡಾವಗೂ ಖರೆ ಯಾವುದು, ಸುಳ್ಳು ಯಾವುದು ಗೊತ್ತಾಗಲಿಲ್ಲ."

ಆಮೇಲೆ ಆ ಮಾತೇ ಅವನ ಬದುಕಿಗೆ ಆಸರೆಯಾಯಿತು. ಬೀಗರ ಮುಂದೆ, ಮೊಮ್ಮಕ್ಕಳ ಮುಂದೆ ಅದನ್ನು ಹೆಮ್ಮೆಯಿಂದ ಹೇಳುವನು. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುವೆ. ನಿಜ ಹೇಳಿದರೆ ಅವನ ಹೆಮ್ಮೆ ಮುರಿಯುತ್ತದೆ, ಅದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ... ಇಲ್ಲ. ಹೆದರಿಕೆ, ಅಷ್ಟೇ.

ಹೋದ ತಿಂಗಳು ಸಾಂಬ್ರಾಣಿಗೆ ಹೋದೆ. ಅವನ ಹೆಂಡತಿ ಗಂಗವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕಟ್ಟೆಯ ಮೇಲೆ ಅವನ ಪಕ್ಕ ಕೂತು ಹೇಳಿಬಿಟ್ಟೆ.

"ಬಸವಣ್ಣಿ, ಅವತ್ತು ನೀ ಬಿಡು ಅಂದದ್ದು ನನಗ ಕೇಳಿಸಿತ್ತು. ಆಟ ಅಲ್ಲ ಅಂತ ಗೊತ್ತಿತ್ತು. ಬಿಡಲಿಲ್ಲ ನಾ."

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದೇ ಬೇರೆ:

"ಅಂದ್ರ, ನಾ ಅಷ್ಟು ದಿನ ಕೂಗಿದ್ದು ನಿನಗ ಒಮ್ಮೆರ ಖರೆ ಅನಿಸಿರಲಿಲ್ಲೇನು?"

ಅನಿಸಿತ್ತು ಎಂಬ ಇನ್ನೊಂದು ಸುಳ್ಳು ಬಾಯಿಯವರೆಗೆ ಬಂದಿತ್ತು; ನುಂಗಿಕೊಂಡೆ. "ಇಲ್ಲ," ಅಂದೆ.

ಅವನು ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದೂ ನಿಂತಿತು. ಇಬ್ಬರೂ ಹೊರಗೆ ಬರಲಿಲ್ಲ. ಕಡೆಯ ಬಸ್ಸಿನ ಹೊತ್ತಾಗುವವರೆಗೆ ಕೂತಿದ್ದು ಎದ್ದು ಬಂದೆ.

ಆವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಾಳೆ ಮತ್ತೆ ಹೋಗುತ್ತೇನೆ. ಒಳಗೆ ಕರೆಯದಿದ್ದರೆ ಕಟ್ಟೆಯ ಮೇಲೆ ಕೂತು ಬರುತ್ತೇನೆ.